ಸಹಾಯ ಬೇಕು: ಚಿತ್ರದುರ್ಗದಿಂದ ಗಂಡಿಕೋಟಕ್ಕೆ ಬೈಕ್ ಸುತ್ತು

ದುರ್ಗದ ಕಡೆಯಿಂದ ಆಂಧ್ರದ ಗಂಡಿಕೋಟ ಕೋಟೆಗೆ ಬೈಕಲ್ಲಿ ಹೋಗಿ ಬಂದವರು ಯಾರಾದ್ರೂ ಇದ್ದೀರಾ? ಎರ್ರಮಲ ಬೆಟ್ಟ ಸೀಳಿಕೊಂಡು ಪೆನ್ನಾರ್ ಹರಿಯುವ ಆ ಕೆಂಪು ಬಂಡೆಯ ಕಣಿವೆಯನ್ನು ಅಪ್ಪನಿಗೆ ತೋರಿಸಬೇಕು. ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ಉತ್ತರ ಪಿನಾಕಿನಿಯೇ ಈ ಪೆನ್ನಾರ್ ನದಿ.

ಹೋಗುವಾಗ ಚಳ್ಳಕೆರೆ, ಬಳ್ಳಾರಿ, ಗುಂತಕಲ್, ತಾಡಿಪತ್ರಿ, ಜಮ್ಮಲಮಡುಗು. ಬರುವಾಗ ಬೇಲಂ ಗುಹೆ ನೋಡಿಕೊಂಡು ಅನಂತಪುರ, ರಾಯದುರ್ಗದ ಮೇಲೆ ವಾಪಸ್.

ಅಪ್ಪನಿಗೆ ಮಂಡಿನೋವು. ಹಿಂದೆ ಕೂತರೆ ಸ್ವಲ್ಪ ಹೊತ್ತಿಗೇ ಇಳಿದು, ಸೀಟು ಹಿಡಿದುಕೊಂಡು ಕಾಲು ನೀಡಬೇಕು. ಹಾಗಾಗಿ ಗುಂಡಿ ಜಾಸ್ತಿ ಇರುವ ರಸ್ತೆ ಯಾವುದು, ನೆರಳಲ್ಲಿ ನಿಲ್ಲಿಸುವ ಜಾಗ ಎಲ್ಲಿದೆ ಹೇಳಿ. ಕೋಟೆಯೊಳಗೆ ಬಂಡೆ ಹತ್ತದೆಯೇ ಕಣಿವೆ ಕಾಣುವ ಜಾಗ ಇದೆಯಾ? ನನಗೆ ಇದೇ ಮುಖ್ಯ. ಅಂಚಿನಲ್ಲಿ ಕಂಬಿ ಇಲ್ಲದ ಕಡೆ ಅವರನ್ನು ಕರೆದೊಯ್ಯಲು ಭಯ.

ಬಿಸಿಲು ತಗ್ಗಿದ ಮೇಲೆ, ನವೆಂಬರ್‌ನಲ್ಲಿ ಹೊರಡುತ್ತೇವೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.