ಗುಡ್ಡಕ್ಕೆ ತಾಗಿಸಿ ಮನೆ ಕಟ್ಟಬೇಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ನಮ್ಮ ಜಾಗ ಇಳಿಜಾರಿನಲ್ಲಿದೆ. ಹಿಂದಿನ ಗೋಡೆಯನ್ನು ಗುಡ್ಡದ ಮಣ್ಣಿಗೆ ತಾಗಿಸಿ ಸಣ್ಣ ಮನೆ ಕಟ್ಟುವ ಆಸೆ.

ಉತ್ತರದ ಚಳಿ ದೇಶಗಳಲ್ಲಿ ಇಂಥ ಮನೆಗಳು ಹೀಟರ್ ಖರ್ಚು ಉಳಿಸುತ್ತವೆ. ಆಳದ ಮಣ್ಣಿನ ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಇರುತ್ತದೆ. ದಕ್ಷಿಣದ ದೊಡ್ಡ ಕಿಟಕಿಯಿಂದ ಬಿಸಿಲೂ ಸಿಗುತ್ತದೆ. ನಮಗೆ ಬೇಕಾದ್ದು ಏಪ್ರಿಲ್ ಸೆಕೆಯಿಂದ ಸ್ವಲ್ಪ ಬಿಡುಗಡೆ.

ಆದರೆ ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಇಲ್ಲಿನ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಬೇರೆ ನೀರು ಹೀರುತ್ತದೆ. ಗೋಡೆಯ ಹಿಂದೆ ಜಲ್ಲಿ ತುಂಬಿ, ಬುಡದಲ್ಲಿ ತೂತಿನ ಪೈಪ್ ಹಾಕಿ ನೀರು ಹೊರಗೆ ಬಿಡಬೇಕು, ಅಲ್ವಾ? ಆ ಗೋಡೆಗೆ ಕಾಂಕ್ರೀಟೇ ಬೇಕಾ? ಬರೆ (ಗುಡ್ಡ ಕಡಿದ ಅಂಚು) ಜರಿಯದಂತೆ ಎಷ್ಟು ಅಗೆಯಬಹುದು? ಅಮ್ಮನಿಗೆ ದಮ್ಮು ಇದೆ, ಗೋಡೆ ಒದ್ದೆಯಾಗಲೇಬಾರದು.

ಇಂಥ ಕೆಲಸ ಮಾಡಿದ ಎಂಜಿನಿಯರ್ ಅಥವಾ ಮೇಸ್ತ್ರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.