ಸಹಾಯ ಬೇಕು: ಟ್ರಾನ್ಸ್, ಗೇ, ಲೆಸ್ಬಿಯನ್ ಕವಿಗಳೇ ಬರೆದ ಕನ್ನಡ ಕವಿತೆಗಳು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಓದುಗರ ಬಳಗದಲ್ಲಿ ಮುಂದಿನ ತಿಂಗಳು ಟ್ರಾನ್ಸ್ ಮಹಿಳೆ, ಲೇಖಕಿ ಎ. ರೇವತಿ ಅವರ ಆತ್ಮಕಥೆ ‘ಬದುಕು ಬಯಲು’ ಬಗ್ಗೆ ಮಾತುಕತೆ ಇದೆ. ಕನ್ನಡಕ್ಕೆ ತಂದವರು ದು. ಸರಸ್ವತಿ. ಹೆಗ್ಗೋಡಿನ ಜನಮನದಾಟ ತಂಡ ಇದನ್ನು ನಾಟಕವಾಗಿಯೂ ಆಡಿದೆ.

ತಯಾರಿ ಸಭೆಯಲ್ಲೇ ಹಿರಿಯರೊಬ್ಬರು ಕೇಳಿದರು: “ಮನೆ ಬಿಟ್ಟು ಹೋಗಿದ್ದು, ಲೈಂಗಿಕ ವೃತ್ತಿ ಮಾಡಿದ್ದು, ಇದನ್ನೆಲ್ಲ ಸರಿ ಅನ್ನಬೇಕಾ?” ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. 2014ರಲ್ಲೇ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳನ್ನು ಒಪ್ಪಿದೆ ಸರ್ ಅಂದೆ. ಕಾನೂನು ಬೇರೆ, ನೀತಿ ಬೇರೆ ಅಂದರು.

ನೀತಿಯ ಮಾತೇ ಆಗಲಿ. ಗಂಡು ಅಂತ ಬೆಳೆಸಿದ ಮಗು ಅಕ್ಕನ ಲಂಗ ಹಾಕಿಕೊಂಡಿತು, ಅಮ್ಮನ ಜೊತೆ ಅಂಗಳ ಗುಡಿಸಿತು. ಅದಕ್ಕೆ ಊರೆಲ್ಲ ಆಡಿಕೊಂಡಿತು, ಮನೆಯಲ್ಲಿ ಏಟು ಬಿತ್ತು. ಆಮೇಲೆ ಪೊಲೀಸರ ಹಿಂಸೆ. ಹೀಗೆ ಆಡಿಕೊಂಡವರನ್ನು, ಹೊಡೆದವರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಅಲ್ವಾ? ಇಷ್ಟಾದರೂ ರೇವತಿ ಅವರು ಮತ್ತೆ ಮತ್ತೆ ಅದೇ ಮನೆಗೆ, ಅಪ್ಪ ಅಮ್ಮನನ್ನು ನೋಡಲು ಹೋಗುತ್ತಾರೆ. ನನ್ನನ್ನು ಜಾಸ್ತಿ ಕಾಡಿದ್ದು ಅದು.

ನಾಟಕ ನೋಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ, ಪ್ರದರ್ಶನ ಮುಗಿದ ಮೇಲೆ ಪ್ರೇಕ್ಷಕರ ಜೊತೆ ಮಾತು ಹೇಗೆ ನಡೆಯಿತು? ಇಂಥ ಪ್ರಶ್ನೆ ಬಂದಾಗ ಯಾರು, ಏನು ಉತ್ತರ ಕೊಟ್ಟರು? ರಂಗಪಠ್ಯ ಓದಲು ಸಿಗುತ್ತದಾ?

ಜೊತೆಗೆ ಒಂದೆರಡು ಕನ್ನಡ ಕವಿತೆ ಓದಿಸುವ ಆಸೆ. ಆ ಬದುಕು ಬದುಕಿದವರೇ ಬರೆದದ್ದು ಬೇಕು. ಹೊರಗಿನವರು ಸುಮ್ನೆ ಕನಿಕರಪಟ್ಟು ಬರೆದದ್ದು ಬೇಡ. ಗೊತ್ತಿದ್ದರೆ ಕಾಮೆಂಟ್‌ನಲ್ಲಿ ಹಾಕಿ. ಕವಿಗಳ ಒಪ್ಪಿಗೆ ಕೇಳಿಯೇ ಓದಿಸುತ್ತೇವೆ.