ಬೋಲ್ಟ್ ರಫ್ತು, ಯುರೋಪಿನ ಕಾರ್ಬನ್ ತೆರಿಗೆ: ಸೋಲಾರ್ ಹಾಕಿದರೆ ಕಡಿಮೆಯಾಗುತ್ತದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಬೋಲ್ಟ್-ನಟ್ ಘಟಕ, ಕಸ್ಟಮ್ಸ್‌ನ ಎಚ್‌ಎಸ್ ಕೋಡ್ 7318. ಯುರೋಪಿನ ಗಡಿ ಕಾರ್ಬನ್ ತೆರಿಗೆ, ಅಂದರೆ ಸಿಬಿಎಎಂಗಾಗಿ ಜರ್ಮನಿಯ ಗಿರಾಕಿ ಪ್ರತಿ ಟನ್ನಿನ ಕಾರ್ಬನ್ ಲೆಕ್ಕ ಕೇಳಿದ್ದಾರೆ. ಶೆಡ್ ಮೇಲೆ 100 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಅಂಕಿ ಇಳಿಯುತ್ತದಾ?

ಉತ್ತರ (ಎನರ್ಜಿ ಆಡಿಟರ್, ಚಿಂಚವಾಡ): ಇಳಿಯುವುದಿಲ್ಲ ಸರ್. 2026ರ ಜನವರಿ 1ರಿಂದ ತೆರಿಗೆ ಹಂತ ಶುರುವಾಗಿದೆ, ಅದರಲ್ಲಿ ಉಕ್ಕಿನ ಸಾಮಾನಿಗೆ ನೇರ ಹೊರಸೂಸುವಿಕೆಯನ್ನಷ್ಟೇ, ಅಂದರೆ ತಯಾರಿಸುವಾಗ ಕುಲುಮೆಯಿಂದಲೇ ಹೊರಬೀಳುವ ಕಾರ್ಬನ್ನನ್ನಷ್ಟೇ ಹಿಡಿಯುತ್ತಾರೆ. ಕರೆಂಟಿನ ಬಾಬ್ತು ಲೆಕ್ಕಕ್ಕಿಲ್ಲ. ಬಿಲ್ ಉಳಿಸಲು ಸೋಲಾರ್ ಹಾಕಿ, ಒಳ್ಳೆಯದೇ. ನಿಮ್ಮ ಅಂಕಿ ಕೂತಿರುವುದು ಬೋಲ್ಟಿಗೆ ಕಚ್ಚಾ ಮಾಲಾದ ಉಕ್ಕಿನ ವೈರ್ ರಾಡ್‌ನಲ್ಲಿ.

ಒಂದು ಟನ್ ಬೋಲ್ಟಿಗೆ 1.1 ಟನ್ ರಾಡ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅದಿರನ್ನು ಕಲ್ಲಿದ್ದಲಿನ ಕೋಕ್‌ನಿಂದ ಕರಗಿಸುವ ಬ್ಲಾಸ್ಟ್ ಫರ್ನೇಸ್‌ನ ರಾಡ್ ಟನ್ನಿಗೆ 2.3 ಟನ್ ಕಾರ್ಬನ್ ಡೈಆಕ್ಸೈಡ್ ಹೊತ್ತು ಬಂದಿದ್ದರೆ ಅಲ್ಲೇ 2.53 ಆಯಿತು. ಸ್ಕ್ರ್ಯಾಪ್ ಕರಗಿಸಿ ಕರೆಂಟಿನ ಆರ್ಕ್ ಫರ್ನೇಸಿನಲ್ಲಿ ಮಾಡಿದ ರಾಡ್ 0.3 ಇದ್ದರೆ ಅದೇ ಬಾಬ್ತು 0.33ಕ್ಕೆ ಬರುತ್ತದೆ. ಆದರೆ ‘ಎಲೆಕ್ಟ್ರಿಕ್ ಫರ್ನೇಸ್’ ಅಂದಾಕ್ಷಣ ನಂಬಬೇಡಿ. ಒಳಗೆ ಹಾಕಿದ್ದು ಕಲ್ಲಿದ್ದಲು ಬಳಸಿ ಅದಿರಿನಿಂದ ಮಾಡಿದ ಸ್ಪಾಂಜ್ ಐರನ್ ಆಗಿದ್ದರೆ ಅಂಕಿ ಮತ್ತೆ ಮೇಲೇರುತ್ತದೆ. ಚಾರ್ಜಿನಲ್ಲಿ, ಅಂದರೆ ಫರ್ನೇಸಿಗೆ ಹಾಕಿದ ಮಾಲಿನಲ್ಲಿ, ಸ್ಕ್ರ್ಯಾಪ್ ಎಷ್ಟು, ಸ್ಪಾಂಜ್ ಎಷ್ಟು ಅಂತ ಬರೆಸಿಕೊಳ್ಳಿ.

ಪ್ರಶ್ನೆ: ನಾವು ರಾಡ್ ತರುವುದು ಸ್ಟಾಕಿಸ್ಟ್ ಹತ್ತಿರ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಸಾಕಾ?

ಉತ್ತರ: ಸಾಲದು. ಅದರಲ್ಲಿ ಕೆಮಿಸ್ಟ್ರಿ, ಟೆನ್ಸೈಲ್ (ಎಳೆತದ ಬಲ) ಇರುತ್ತದೆ, ಕಾರ್ಬನ್ ಹೊರಸೂಸುವಿಕೆ ಇರುವುದಿಲ್ಲ. ಆದರೂ ಅದರಲ್ಲಿನ ಹೀಟ್ ನಂಬರೇ, ಅಂದರೆ ಒಂದು ಸಲ ಕರಗಿಸಿದ ಉಕ್ಕಿನ ಗುರುತಿನ ಸಂಖ್ಯೆಯೇ, ನಿಮಗೆ ದಾರಿ. ಆ ನಂಬರ್ ಹಿಡಿದು ಮಿಲ್ಲಿಗೆ ಬರೆದು ಪ್ಲಾಂಟಿನ ಹೆಸರು, ತಯಾರಿಕೆಯ ವಿಧಾನ, ಅವಧಿ, ಟನ್ನಿಗೆ ಎಷ್ಟು ಅಂತ ಕೇಳಿ. ಎಡವುವುದು ಗೋಡೌನಿನಲ್ಲಿ: ಎರಡು ಮಿಲ್ಲಿನ ಕಾಯಿಲ್ (ರಾಡಿನ ಸುರುಳಿ) ಬೆರೆತು ಟ್ಯಾಗ್ ಕಳೆದುಹೋದರೆ ಯಾವ ಬೋಲ್ಟಿಗೆ ಯಾವ ಉಕ್ಕು ಅಂತ ಲೆಕ್ಕ ಪರಿಶೀಲಿಸುವ ವೆರಿಫೈಯರ್‌ಗೆ ತೋರಿಸಲು ಆಗುವುದಿಲ್ಲ. ಆಗ ಯುರೋಪ್ ನಿಗದಿ ಮಾಡಿದ ಡೀಫಾಲ್ಟ್ ಅಂಕಿಯೇ ಗತಿ, ಸ್ಕ್ರ್ಯಾಪ್ ಉಕ್ಕಿನ ಲಾಭವೆಲ್ಲ ಹೋಯಿತು.

ಸಿಬಿಎಎಂನಲ್ಲಿ ವರ್ಷಕ್ಕೆ 50 ಟನ್ ಸರಕಿನವರೆಗೆ ವಿನಾಯಿತಿ ಇದೆಯಲ್ಲ ಅಂತ ಕೂರಬೇಡಿ. ಅದು ಆಮದುದಾರನ ಒಟ್ಟು ಲೆಕ್ಕ, ನಿಮ್ಮೊಬ್ಬರ ಸರಕಿನದ್ದಲ್ಲ.

ಮತ್ತೊಬ್ಬರ ಪ್ರಶ್ನೆ: ನಮ್ಮ ಸರ್ಕಾರದ ಗ್ರೀನ್ ಸ್ಟೀಲ್ ಸ್ಟಾರ್ ಇರುವ ಉಕ್ಕು ತಂದರೆ ರಿಯಾಯಿತಿ ಸಿಗುತ್ತದಾ ಮೇಡಂ?

ಉತ್ತರ: ನೇರವಾಗಿ ಇಲ್ಲ. 2024ರ ಡಿಸೆಂಬರಿನ ಆ ವರ್ಗೀಕರಣದಲ್ಲಿ ಟನ್ನಿಗೆ 2.2ಕ್ಕಿಂತ ಕಡಿಮೆಯಿದ್ದರೆ ಗ್ರೀನ್, 1.6ಕ್ಕಿಂತ ಕಡಿಮೆಯಿದ್ದರೆ ಐದು ಸ್ಟಾರ್. ಅದರಲ್ಲಿ ಕರೆಂಟೂ ಸೇರಿರುವುದರಿಂದ ಅಂಕಿಯನ್ನು ಹಾಗೇ ಎತ್ತಿ ಸಿಬಿಎಎಂ ಫಾರ್ಮಿಗೆ ಹಾಕಲು ಬರುವುದಿಲ್ಲ. ಯುರೋಪ್ ಕಳೆಯಲು ಬಿಡುವುದು ಇಲ್ಲಿ ನಿಜವಾಗಿ ಕಟ್ಟಿದ ಕಾರ್ಬನ್ ಬೆಲೆಯನ್ನು ಮಾತ್ರ, ಅದೂ ದಾಖಲೆ ಇದ್ದರೆ. ಸ್ಟಾರ್ ಕೊಡುವುದಷ್ಟೇ ಸಾಲದು. ನೇರ ಹೊರಸೂಸುವಿಕೆಯ ಅಂಕಿಯನ್ನು ಪ್ರತಿ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಮಿಲ್ಲು ಮುದ್ರಿಸಲೇಬೇಕು ಅಂತ ಸರ್ಕಾರ ನಿಯಮ ತರಬೇಕು. ದೊಡ್ಡ ಮಿಲ್ಲಿಗೆ ಇದು ಒಂದು ಸಾಲಿನ ಕೆಲಸ. ಭೋಸರಿಯ ಸಣ್ಣ ಘಟಕ ಅದನ್ನು ಕೇಳಿ ಪಡೆಯುವಷ್ಟರಲ್ಲಿ ಗಿರಾಕಿಯ ಗಡುವು ಮುಗಿದಿರುತ್ತದೆ.